ಬಾಣಂತಿಯ ಕಿಟಕಿಗೆ ಕೂಗುತ್ತಿದ್ದ ಬಾಯಾರು

ಸಂತಾಪ ಸಭೆಯಲ್ಲಿ ಎಲ್ಲರೂ ಎದ್ದು ನಿಂತು ಎರಡು ನಿಮಿಷ ಮೌನ ಆಚರಿಸಿದರು. ಬದುಕಿದ್ದಾಗ ಎರಡು ನಿಮಿಷ ಬಾಯಿ ಮುಚ್ಚಿ ಕೂತವರಲ್ಲ ನಮ್ಮ ಬಾಯಾರು. ಆಮೇಲೆ ಕೆಮಿಸ್ಟ್ರಿಯ ಮುಖ್ಯಸ್ಥರು ಮೈಕಿನ ಮುಂದೆ ಬಂದು, ಕನ್ನಡಕ ತೆಗೆದು ಒರೆಸಿಕೊಂಡು, "ಸಿಟ್ಟಿನ ಸ್ವಭಾವ, ಆದರೆ ಮನಸ್ಸು ಬೆಣ್ಣೆ" ಎಂದರು. ಸಭೆ ತಲೆದೂಗಿತು. ನನಗೆ ಮೈ ಉರಿದುಹೋಯಿತು. ಬೆಣ್ಣೆಯೂ ಅಲ್ಲ, ಸುಣ್ಣವೂ ಅಲ್ಲ. ಅವರ ಸಿಟ್ಟಿಗೆ ಕಾರಣವಿತ್ತು. ಆ ಕಾರಣ ಅಲ್ಲಿ ಕೂತಿದ್ದ ಅರ್ಧ ಜನಕ್ಕೆ ಗೊತ್ತಿತ್ತು, ಮೈಕು ಹಿಡಿದಿದ್ದವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ನನಗೆ ಮಾತಾಡಲು ಕರೆಯಲಿಲ್ಲ. ಕರೆದರೆ ಏನು ಹೇಳುತ್ತೇನೆಂಬುದೂ ಅವರಿಗೆ ಗೊತ್ತಿತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಪಾಠ ಹೇಳುವ ಹೆಂಗಸರಿಗೆ ನಮ್ಮ ಕಡೆ ಬಾಯಾರು ಎನ್ನುತ್ತಾರೆ. ಜಮಖಂಡಿಯ ನಮ್ಮ ಡಿಗ್ರಿ ಕಾಲೇಜಿನಲ್ಲಿ ಅವರು ಪ್ರಾಣಿಶಾಸ್ತ್ರ ಹೇಳುತ್ತಿದ್ದರು, ನಾನು ಕನ್ನಡ. ಸ್ಟಾಫ್ ರೂಮಿನಲ್ಲಿ ನಮ್ಮ ಟೇಬಲ್ಲು ಅಕ್ಕಪಕ್ಕ. ಅವರು ಹುಟ್ಟಿದ್ದು ರಬಕವಿಯ ನೇಕಾರರ ಮನೆಯಲ್ಲಿ. ಬೆಳಗಾದರೆ ಮಗ್ಗಗಳ ಸದ್ದು ಶುರುವಾಗುವ ಮನೆಯಲ್ಲಿ ಊಟಕ್ಕೆ ಕರೆಯಬೇಕಾದರೂ ಕೂಗಬೇಕು. ಆ ಮನೆಯ ಗಂಟಲನ್ನೇ ಅವರು ಕಾಲೇಜಿಗೂ ತಂದಿದ್ದರು. ಅವರು ಕಪ್ಪೆಯ ಹೃದಯದ ಪಾಠ ಮಾಡುವಾಗ ಪಕ್ಕದ ಕೋಣೆಯಲ್ಲಿ ನಾನು ವಚನ ಹೇಳುವ ಹಾಗಿರಲಿಲ್ಲ. ಒಮ್ಮೆ ತಡೆಯಲಾರದೆ "ಸ್ವಲ್ಪ ಸಾವಕಾಶ ಹೇಳ್ರೀ ಬಾಯಾರ" ಎಂದೆ.

"ಸಾವಕಾಶ ಹೇಳಿದ್ರ ಈ ಊರಾಗ ಯಾರ ಕೇಳ್ತಾರ್ರೀ? ಜೋರ ಹೇಳಿದ್ರನ ಕೇಳೂದಿಲ್ಲ."

ಕೂತವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು "ಏನ್ರೀ, ಕುಂಡಿಗೆ ಬೇರ ಬಿಟ್ಟಾವೇನು? ಏಳ್ರಿ, ಅಡ್ಡಾಡ್ರಿ!" ಎಂದು ಗದರಿಸಿದರೆ ಇತಿಹಾಸದ ಹಿರಿಯರು ಸಹ ಗೊಣಗುತ್ತ ಏಳುತ್ತಿದ್ದರು. ಯಾರ ಕಾಲಾದರೂ ಬಾತಂತೆ ಕಂಡರೆ ಸಾಕು, ಬಗ್ಗಿ ಹೆಬ್ಬೆರಳಿನಿಂದ ಮೊಣಕಾಲ ಕೆಳಗೆ ಒತ್ತುವರು, ತಗ್ಗು ಬೀಳುತ್ತದೋ ಇಲ್ಲವೋ ನೋಡುವರು. ಇನ್ನೊಂದು ಕಾಲನ್ನೂ ಒತ್ತಿ ಎರಡನ್ನೂ ಹೋಲಿಸುವರು. ಗಂಡಸರು ನಾಚಿ ಪ್ಯಾಂಟು ಕೆಳಗೆಳೆದುಕೊಳ್ಳುತ್ತಿದ್ದರು.

ಪುಣೆಯ ಒಂದು ಪ್ರಯೋಗಾಲಯದಲ್ಲಿ ಅವರು ಸಂಶೋಧನೆ ಮಾಡಿ ಬಂದಿದ್ದರು. ಹರಿಯುವ ರಕ್ತದಲ್ಲಿ ಬಿಳಿ ಕಣಗಳು ಪ್ಲೇಟ್ಲೆಟ್ಟಿಗೆ ಹೇಗೆ ಅಂಟಿಕೊಳ್ಳುತ್ತವೆ ಎಂಬುದು ಅವರ ವಿಷಯ. ಆ ಪ್ರಯೋಗದ ಒಂದು ಚಿಕ್ಕ ವಿಡಿಯೋ ಅವರ ಫೋನಿನಲ್ಲಿತ್ತು. ತೆಳ್ಳಗಿನ ಗಾಜಿನ ಕಾಲುವೆ, ತಳದಲ್ಲಿ ಪ್ಲೇಟ್ಲೆಟ್ಟಿನ ಹಾಸು. ಗಾಯವಾದಾಗ ಅವು ಎಚ್ಚರಗೊಳ್ಳುತ್ತವಲ್ಲ, ಹಾಗೆ ಅವನ್ನು ಎಚ್ಚರಗೊಳಿಸಿ, ಮೇಲಿನಿಂದ ಬಿಳಿ ಕಣಗಳನ್ನು ರಕ್ತನಾಳದ ವೇಗದಲ್ಲಿ ಹರಿಬಿಟ್ಟಿದ್ದರು. ಬೇರೆಯವರು ಮೊಮ್ಮಕ್ಕಳ ಫೋಟೋ ತೋರಿಸುವ ಹಾಗೆ ಇವರು ಇದನ್ನು ಸಿಕ್ಕಸಿಕ್ಕವರಿಗೆ ತೋರಿಸುತ್ತಿದ್ದರು. ಬಸ್ ಸ್ಟ್ಯಾಂಡಿನ ಪಾನ್ ಅಂಗಡಿಯವನು ಒಂದು ಸಲ ನೋಡಿ, "ಹುಳ ಅದಾವೇನ್ರೀ ಇವು?" ಎಂದು ಕೇಳಿದ.

"ಹುಳ ನಿನ್ನ ತಲ್ಯಾಗ ಅದಾವ. ಇದು ನನ್ನ ರಕ್ತ" ಎಂದರು.

ನಿಜವಾಗಿಯೂ ಅದು ಅವರದೇ ರಕ್ತ. ಪ್ರಯೋಗಕ್ಕೆ ಬೇಕಾದಾಗಲೆಲ್ಲ ತಮ್ಮ ತೋಳನ್ನೇ ಚಾಚಿದ್ದರು.

ಡೆಂಗೀ ಜ್ವರದ ದೆಸೆಯಿಂದ ನಮ್ಮ ಕಡೆ ಪ್ಲೇಟ್ಲೆಟ್ ಎಂಬ ಶಬ್ದ ಎಲ್ಲರ ಬಾಯಲ್ಲಿದೆ. ಅದಕ್ಕೂ ಅವರಿಗೆ ಸಿಟ್ಟು. "ಕಡಿಮಿ ಆದ್ವು, ಕಡಿಮಿ ಆದ್ವು ಅಂತ ಬಾಯಿ ಬಡಕೋತಾರ. ಇದ್ದಾಗ ಏನ ಮಾಡ್ತಾವ ಅಂತ ಒಬ್ಬರರೆ ಕೇಳ್ಯಾರೇನು?" ಎನ್ನುತ್ತಿದ್ದರು. ನಾನು ಕೇಳಿದೆ. ಕೇಳಿದ್ದೇ ತಪ್ಪಾಯಿತು. ಮಧ್ಯಾಹ್ನದ ಡಬ್ಬಿ ತೆರೆಯಲು ಬಿಡಲಿಲ್ಲ.

"ನೋಡ್ರಿ, ಈ ದುಂಡಗಿಂದು ಬಿಳೇ ಕಣ. ಹೆಂಗ ಓಡಿ ಬರಾಕತ್ತೈತಿ. ಈಗ ನೋಡ್ರಿ... ಹಾಂ, ತಡೀತು. ಉರಳಾಕತ್ತು. ಈಗ ಕುಂತಬಿಡ್ತು."

"ಹೊಲದಾಗ ಸೀರಿಗೆ ಮುಳ್ಳ ಹತ್ತತಾವಲ್ರೀ, ಹಂಗ" ಎಂದೆ ನಾನು. ಕನ್ನಡದವಳು, ಹೋಲಿಕೆ ಇಲ್ಲದೆ ನನಗೆ ಊಟ ಸೇರುವುದಿಲ್ಲ.

"ಹಂಗಲ್ರೀ ಯವ್ವಾ! ಮುಳ್ಳ ಒಮ್ಮೆ ಹತ್ತಿತಂದ್ರ ಬಿಡೂದಿಲ್ಲ. ಇದು ಮೊದಲ ಹಗರಕ ಹಿಡೀತೈತಿ, ಬಿಡತೈತಿ, ಮತ್ತ ಹಿಡೀತೈತಿ. ಹಂಗ ಉರಳಕೋತ ಹೋಗಿ ಆಮ್ಯಾಲೆ ಗಟ್ಟಿ ಹಿಡದ ನಿಲ್ಲತೈತಿ. ಹಗರ ಹಿಡಿಯೂ ಕೈ ಬ್ಯಾರೆ, ಗಟ್ಟಿ ಹಿಡಿಯೂ ಕೈ ಬ್ಯಾರೆ."

ಆ ಹಗುರ ಹಿಡಿತದ ಮಾತು ಬಂದರೆ ಅವರ ಕಣ್ಣು ಅರಳುತ್ತಿದ್ದವು. ರಕ್ತದ ಸೆಳವು ಎಳೆದರೆ ಅದು ಬಿಚ್ಚಿಕೊಳ್ಳುವುದಿಲ್ಲ, ಒಂದು ಮಟ್ಟದವರೆಗೆ ಎಳೆದಷ್ಟೂ ಬಿಗಿಯುತ್ತದೆ. "ಎಳಿ ಹರದ್ರ ನಮ್ಮಪ್ಪ ಹಾಕತಿದ್ದ ಗಂಟ ಹಂಗ ಇರತಿತ್ತು" ಎನ್ನುತ್ತಿದ್ದರು. ಯಾಕೆ ಅಂಟಬೇಕು ಅವು ಎಂದು ಕೇಳಿದರೆ ಹೇಳುತ್ತಿದ್ದರು: "ಗಾಯ ಆದಲ್ಲಿ ಪ್ಲೇಟ್ಲೆಟ್ ಮೊದಲ ಹೋಗಿ ಕೂಡತಾವ. ಹಾದು ಹೋಗೂ ಬಿಳೇ ಕಣಾನ ಹಿಡದ ನಿಲ್ಲಿಸಿ, ಇಲ್ಲೇ ಕೆಲಸ ಐತಿ ಬಾ ಅಂತಾವ. ಇದು ಜೀವಾ ಉಳಸೂ ಕೆಲಸ. ಆದ್ರ ರಕ್ತ ದಪ್ಪ ಆಗಿ, ಹರಿಯೂದು ನಿಧಾನ ಆಗಿ, ಗಾಯ ಇಲ್ಲದ ಕಡೆ ಇವು ಕೂಡಿ ಗುಂಪು ಕಟ್ಟಿದ್ವಂದ್ರ ಅಲ್ಲೇ ಹೆಪ್ಪ ಆಗತೈತಿ. ಕಾಲಿನ ನರದಾಗ ಆದ ಹೆಪ್ಪ ಬಿಟ್ಟು ಮ್ಯಾಲ ಹ್ವಾದ್ರ ಪುಪ್ಪುಸದಾಗ ಸಿಗಬೀಳತೈತಿ. ಆಮ್ಯಾಲೆ ಉಸರ ಇಲ್ಲ."

ಇಷ್ಟು ತಿಳಿದ ಹೆಂಗಸು ನಮ್ಮ ಕಡೆಯ ಬಾಣಂತಿಯ ಕೋಣೆ ನೋಡಿದರೆ ಹೇಗೆ ಸುಮ್ಮನಿರಬೇಕು? ಹೊರಸಿನ ಕೆಳಗೆ ಕೆಂಡ, ತಲೆಗೆ ಬಿಗಿದ ವಸ್ತ್ರ, ಕಿವಿಗೆ ಅರಳೆ, ಕಿಟಕಿ ಬಾಗಿಲು ಬಂದ್. ಹೆರಿಗೆಯಾದವಳು ಎದ್ದು ಅಡ್ಡಾಡಿದರೆ ಮೈಗೆ ಗಾಳಿ ಹೊಗುತ್ತದೆ. ನೀರು ಕುಡಿದರೆ ಹೊಟ್ಟೆ ಜೋತು ಬೀಳುತ್ತದೆ. ಅದಕ್ಕೆ ಊಟದ ಜೊತೆ ಎರಡು ಗುಟುಕು ಬಿಸಿನೀರು, ಮುಗಿಯಿತು. ಮೇ ತಿಂಗಳ ಬಿಸಿಲಲ್ಲಿ ನೀರು ಕೇಳಿ ಅಳುವ ಬಾಣಂತಿಯರನ್ನು ನಾನೇ ನೋಡಿದ್ದೇನೆ. ಡಿಗ್ರಿ ಓದಿದ ಹುಡುಗಿಯರು, ಬ್ಯಾಂಕಿನಲ್ಲಿ ಕೆಲಸ ಮಾಡುವವರು, ತವರಿಗೆ ಬಂದು ಹೊರಸು ಹತ್ತಿದರೆ ಎಲ್ಲರದೂ ಇದೇ ಪಾಡು.

ಕೂಸು ನೋಡಲು ಹೋದವರು ಅದಕ್ಕೊಂದು ಝಬಲಾ ಅಂಗಿ ಕೊಟ್ಟು, ಕೂಸಿನ ಮೂಗು ಯಾರ ಹಾಗಿದೆ ಎಂದು ಚರ್ಚೆ ಮಾಡುತ್ತಾರೆ. ಬಾಯಾರು ನೇರ ಬಾಣಂತಿಯ ಕಾಲ ಕಡೆ ಹೋಗುತ್ತಿದ್ದರು. ಎರಡೂ ಕಾಲು ಒತ್ತಿ ನೋಡಿ, ಒಂದು ತಂಬಿಗೆ ನೀರು ತರಿಸಿ, ಅವಳು ಕುಡಿದು ಮುಗಿಸುವ ತನಕ ಮುಂದೆ ನಿಲ್ಲುತ್ತಿದ್ದರು. ಮನೆಯ ಮುದುಕಿಯರಿಗೆ ಬೆಂಕಿ ಹತ್ತುತ್ತಿತ್ತು.

"ಯಾಕ, ನಾವೆಲ್ಲಾ ಹಡದಿಲ್ಲೇನು? ನಾವೇನ ಸತ್ತೇವೇನು?"

"ನೀವು ಉಳದೀರಿ, ಖರೆ. ಸತ್ತವರು ಹೇಳಾಕ ಇಲ್ಲಿ ಬಂದಿಲ್ಲ" ಎಂದು ಇವರ ಉತ್ತರ.

ಬಾಯಾರಿಗೆ ಮದುವೆಯಾಗಿರಲಿಲ್ಲ. ಆದ್ದರಿಂದ ಅವರು ಬಾಗಿಲು ದಾಟಿದ ಕೂಡಲೇ ಹಿಂದಿನಿಂದ "ಹಡಿಯದಕಿಗೆ ಏನ ಗೊತ್ತೈತಿ" ಎಂಬ ಮಾತು ಬರುತ್ತಿತ್ತು. ಕೇಳುವ ಹಾಗೆಯೇ ಹೇಳುತ್ತಿದ್ದರು. ಅವರು ತಿರುಗಿ ನೋಡುತ್ತಿರಲಿಲ್ಲ. ನಾನು ನೋಡುತ್ತಿದ್ದೆ, ಕಣ್ಣು ಕೆಕ್ಕರಿಸಿಕೊಂಡು.

ಇನ್ನು ಕೆಮಿಸ್ಟ್ರಿಯವರ ಮನೆಯ ವಿಷಯ. ಅವರ ಹಿರಿಯ ಮಗಳು ನಮ್ಮ ಕಾಲೇಜಿನಲ್ಲೇ ಓದಿದವಳು, ಬಾಯಾರ ಅಚ್ಚುಮೆಚ್ಚಿನ ವಿದ್ಯಾರ್ಥಿನಿ. ಆ ವಿಡಿಯೋ ನೋಡಿ "ಮತ್ತೊಮ್ಮೆ ಹಚ್ಚರೀ ಬಾಯಾರ" ಎಂದು ಕೇಳಿದ ಏಕೈಕ ಪ್ರಾಣಿ ಅವಳೇ ಎಂದು ಬಾಯಾರು ಹೇಳುತ್ತಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು, ಆಪರೇಷನ್ ಆಯಿತು, ಹೆಣ್ಣು ಕೂಸು. ಸ್ವಲ್ಪ ದಿನ ಬಿಟ್ಟು ನಾವಿಬ್ಬರೂ ನೋಡಲು ಹೋದೆವು.

ಕೋಣೆಯಲ್ಲಿ ಹೊಗೆ. ಹುಡುಗಿಯ ತುಟಿ ಒಣಗಿ ಬಿರಿದಿದ್ದವು. ಬಾಣಂತಿಗೆ ನೀರು ಎರೆಯಲು ಬಂದ ಹೆಂಗಸು ಹರಳೆಣ್ಣೆ ಹಚ್ಚಿ ಅವಳ ಎಡಗಾಲನ್ನು ಮೇಲಿನಿಂದ ಕೆಳಗೆ ಗಸಗಸ ತಿಕ್ಕುತ್ತಿದ್ದಳು. ಕೆಮಿಸ್ಟ್ರಿಯವರ ಹೆಂಡತಿ ಪಕ್ಕದಲ್ಲಿ ಕೂತು, "ಎಡಗಾಲ ಬಾತೈತ್ರಿ. ನೆತ್ತರ ಕಟ್ಟೇತಿ ಅಂತ ಇಕಿ ಹೇಳಿದಳು. ತಿಕ್ಕಿದ್ರ ಕರಗತೈತಿ" ಎಂದರು. ನೆತ್ತರು ಕಟ್ಟಿದೆ ಎಂಬುದನ್ನು ಸರಿಯಾಗಿಯೇ ಗುರುತಿಸಿದ್ದರು. ಗುರುತಿಸಿ, ಮಾಡಬಾರದ ಒಂದೇ ಒಂದು ಕೆಲಸವನ್ನು ಮಾಡುತ್ತಿದ್ದರು.

"ಕೈ ತಗೀ!" ಎಂದು ಬಾಯಾರು ಕೂಗಿದ್ದಕ್ಕೆ ಕೂಸು ಎಚ್ಚರಾಗಿ ಚೀರಿತು. ಎರೆಯುವವಳ ಕೈ ಹಿಡಿದು ಎತ್ತಿದರು. ಹುಡುಗಿಯ ಸೆರಗಿನ ದಾರ ಎಳೆದುಕೊಂಡು ಎರಡೂ ಮೀನಖಂಡ ಅಳೆದರು. ಎಡದ್ದು ಬಲಕ್ಕಿಂತ ದಪ್ಪ, ಬಿಸಿ. ಆಮೇಲೆ ಒಂದೇ ಉಸಿರಿಗೆ ಹೇಳಿದರು: "ಕಾಲ ಮುಟ್ಟಬ್ಯಾಡ್ರಿ. ನೀರ ಕೊಡ್ರಿ. ಈಗಿಂದೀಗ ಬಾಗಲಕೋಟಿಗೆ ಕರಕೊಂಡ ಹೋಗ್ರಿ, ನರದಾಗ ಹೆಪ್ಪ ಐತೇನ ಅಂತ ಮಷೀನಿನ್ಯಾಗ ನೋಡ್ತಾರ. ರಕ್ತ ತೆಳು ಮಾಡೂ ಔಷಧ ಕೊಡ್ತಾರ, ಉಳೀತಾಳ. ಛಲೋ ಆದ ಮ್ಯಾಲೂ ದಿನಾ ಎರಡೂ ಕಾಲ ದಾರ ಹಾಕಿ ಅಳೀರಿ, ನೀರ ಕುಡಸ್ರಿ, ಅಂಗಳದಾಗ ಅಡ್ಡಾಡಸ್ರಿ."

ಗದ್ದಲ ಕೇಳಿ ಕೆಮಿಸ್ಟ್ರಿಯವರು ಒಳಗೆ ಬಂದರು. ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಹುಡುಗಿ ಮಲಗಿದಲ್ಲಿಂದಲೇ, "ಅಪ್ಪಾ, ಬಾಯಾರು ಹೇಳೂದ ಖರೆ ಐತಿ. ಹೋಗೂಣು" ಎಂದಳು.

"ಇವತ್ತ ಅಮಾಸಿ ಐತಿ. ಬಾಣಂತಿ ಹೊಸ್ತಿಲಾ ದಾಟಬಾರದು. ನಾಳಿ ಮುಂಜಾನೆ ನೋಡೂಣು" ಎಂದರು ರಸಾಯನಶಾಸ್ತ್ರದ ಎಂ.ಎಸ್ಸಿ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಬಾಯಾರು ಅತ್ತರು, ಬೈದರು, ಕೈ ಮುಗಿದರು. ನಾನು ವಾಹನ ತರುತ್ತೇನೆ ಎಂದೆ. ಕೊನೆಗೆ ಕೆಮಿಸ್ಟ್ರಿಯವರು ಬಾಗಿಲು ತೋರಿಸಿ, "ನಮ್ಮ ಮನಿ ಮಗಳು, ನಮಗ ಕಾಳಜಿ ಇಲ್ಲೇನ್ರೀ? ನೀವು ಹೋಗಿ ಬರ್ರಿ" ಎಂದರು.

ಮರುದಿನ ಬೆಳಿಗ್ಗೆ ಹುಡುಗಿ ಬಚ್ಚಲಿಗೆಂದು ಎದ್ದವಳು ಎದೆ ಹಿಡಿದುಕೊಂಡು ಕುಸಿದಳು. ಬಾಗಲಕೋಟೆಗೆ ಒಯ್ಯುವಾಗ, ಬೀಳಗಿ ದಾಟುವುದರೊಳಗೆ ವಾಹನದಲ್ಲೇ ಜೀವ ಹೋಯಿತು.

ಕಾಲಿನಿಂದ ಹೆಪ್ಪು ಪುಪ್ಪುಸಕ್ಕೆ ಹೋಗಿದೆ ಎಂದು ಬಾಗಲಕೋಟೆಯ ಡಾಕ್ಟರು ತಂದೆಗೆ ಬಿಡಿಸಿ ಹೇಳಿದರಂತೆ. ಜೊತೆಗೆ ಹೋಗಿದ್ದ ನಮ್ಮ ಲ್ಯಾಬ್ ಸಹಾಯಕ ಕೇಳಿಸಿಕೊಂಡು ಬಂದು ನನಗೆ ಹೇಳಿದ. ಊರಿಗೆ ಬಂದ ತಂದೆ ಮಾತ್ರ "ಹಾರ್ಟ್ ಅಟ್ಯಾಕ್" ಎಂದರು. ನಾವು ಮಾತಾಡಿಸಲು ಹೋದ ದಿನ ಅಂಗಳದ ತುಂಬ ಜನ. ಆ ತಾಯಿ ಬಾಯಾರನ್ನು ಕಂಡದ್ದೇ ಎದ್ದು ನಿಂತು ಕೈ ನೀಡಿ ಹೇಳಿದ ಮಾತು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ.

"ಇಕಿ ಕಣ್ಣ ಹತ್ತಿ ಹ್ವಾದಳ್ರೀ ನನ್ನ ಮಗಳು! ಹಡಿಯದಕಿ, ಹಡದಕಿ ಕಾಲ ಮ್ಯಾಲ ಕಣ್ಣ ಹಾಕಿದಳು. ಹಂಗ ಒದರಿದ್ರ ಎಳೇ ಬಾಣಂತಿ ಎದಿ ಒಡೀಲಾರದ ಇರತೈತೇನು?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಕೇಳಿದ್ದೆ, ಅವತ್ತು ನೋಡಿದೆ. ನಾನು ಬಾಯಿ ತೆರೆದೆ. ಬಾಯಾರು ನನ್ನ ಮುಂಗೈ ಹಿಡಿದು ಹೊರಗೆ ಎಳೆದುಕೊಂಡು ಬಂದರು. "ಇವತ್ತ ಬ್ಯಾಡ್ರಿ. ಮಗಳ ಸತ್ತಾಳ ಅಕಿದು" ಎಂದರು. ಇವತ್ತು ಬೇಡ ಎಂದದ್ದು ಆಮೇಲೆ ಯಾವತ್ತೂ ಬೇಡವಾಯಿತು. ತಂದೆಯಾದವನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅದೇ ಸ್ಟಾಫ್ ರೂಮಿನಲ್ಲಿ ದಿನಾ ಎದುರು ಕೂತು ಚಹಾ ಕುಡಿದ ಮನುಷ್ಯ, ಹೇಳಲಿಲ್ಲ.

ಇಂಥ ಮಾತಿಗೆ ರೆಕ್ಕೆ ಬೇಕೇ? ಜಮಖಂಡಿಯಿಂದ ಹುನ್ನೂರಿಗೆ, ಬನಹಟ್ಟಿಗೆ, ಮುಧೋಳಕ್ಕೆ ಹಬ್ಬಿತು. ಬಾಣಂತಿ ಇದ್ದ ಮನೆಯವರು ಬಾಯಾರು ಬರುವುದು ಕಂಡರೆ ಬಾಗಿಲು ಹಾಕಿಕೊಳ್ಳತೊಡಗಿದರು. ರಬಕವಿಯಲ್ಲಿ ಅವರ ಸ್ವಂತ ತಮ್ಮನ ಸೊಸೆ ಹಡೆದದ್ದು ಅವರಿಗೆ ಗೊತ್ತಾದದ್ದು ಯಾರದೋ ವಾಟ್ಸಾಪ್ ಸ್ಟೇಟಸ್ಸಿನಿಂದ. "ಹೇಳಾಕ ಮರತಿರಬೇಕು" ಎಂದರು. ಮರೆತಿರಲಿಲ್ಲ. ಅವರಿಗೂ ಅದು ಗೊತ್ತಿತ್ತು. ಆ ತಮ್ಮನ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಎರೆಯುವ ಆ ಹೆಂಗಸೊಬ್ಬಳೇ ಒಂದು ಸಂಜೆ ಅವರ ಮನೆಗೆ ಬಂದು ಅತ್ತು, ಎಂಥ ಕಾಲು ತಿಕ್ಕಬಾರದು ಎಂದು ಕೇಳಿ ತಿಳಿದುಕೊಂಡು ಹೋದಳು.

ಬೇರೆ ಯಾರಾದರೂ ಆಗಿದ್ದರೆ ಇಷ್ಟಕ್ಕೆ ಬಿಡುತ್ತಿದ್ದರು. ಬಾಯಾರು ಬೀದಿಯಲ್ಲಿ ನಿಂತು ಕೂಗತೊಡಗಿದರು. ಯಾವ ಓಣಿಯಲ್ಲಿ ಬಾಣಂತಿ ಇದ್ದಾಳೆಂದು ವಿಚಾರಿಸಿಕೊಂಡು, ಕಾಲೇಜು ಬಿಟ್ಟ ಮೇಲೆ ಹೋಗಿ, ಮುಚ್ಚಿದ ಕಿಟಕಿಯ ಕೆಳಗೆ ನಿಂತು ಆ ಮಗ್ಗದ ಮನೆಯ ಗಂಟಲಿನಲ್ಲಿ, "ತಂಗೀ, ನೀರ ಕುಡೀಬೇ! ಎದ್ದು ಅಡ್ಡಾಡಬೇ! ಕಾಲ ಬಾತ್ರ ತಿಕ್ಕಿಸ್ಕೋಬ್ಯಾಡಬೇ!" ಎಂದು ಕೂಗಿ ಮುಂದೆ ಹೋಗುತ್ತಿದ್ದರು. ಹುಡುಗರು ನಗುತ್ತಿದ್ದರು. ಒಂದು ಮನೆಯವರು ಮಾಳಿಗೆಯ ಮೇಲಿನಿಂದ ಮುಸುರೆ ನೀರು ಚೆಲ್ಲಿದರು. ಒದ್ದೆ ಸೀರೆಯಲ್ಲೇ ಪಕ್ಕದ ಓಣಿಗೆ ಹೋಗಿ ಕೂಗಿದರು. ಎಷ್ಟು ಹೆಂಗಸರು ಒಳಗೆ ಕದ್ದು ನೀರು ಕುಡಿದರೋ, ಯಾರಿಗೆ ಗೊತ್ತು?

ವರ್ಷಗಳು ಕಳೆದವು. ಹೋದ ವರ್ಷ ಒಂದು ಮಧ್ಯಾಹ್ನ ನಾನು ಬಾಯಾರ ಮನೆಯಲ್ಲಿದ್ದೆ. ಆಗಲೇ ಕ್ಯಾನ್ಸರು ಅವರನ್ನು ಅರ್ಧ ತಿಂದಿತ್ತು, ಗಂಟಲು ಮಾತ್ರ ಹಾಗೇ ಇತ್ತು. ತಲೆ ತುಂಬ ಸೆರಗು ಹೊದ್ದು ಒಬ್ಬ ಹೆಂಗಸು ಒಳಗೆ ಬಂದರು. ಕೆಮಿಸ್ಟ್ರಿಯವರ ಹೆಂಡತಿ.

"ಸಣ್ಣಕಿ ಹಡದಾಳ್ರಿ. ನಮ್ಮನಿಯಾಗ ಅದಾಳ. ನೀವು ಒಮ್ಮೆ ಬಂದು ಕಾಲ ನೋಡಿ ಹೋಗ್ರಿ. ಅವರು ಊರಾಗಿಲ್ಲ. ಹಿತ್ತಲ ಬಾಗಲಾ ತಗದಿಟ್ಟೇನಿ" ಎಂದರು.

ನಾನು ಎದ್ದು ಬಾಯಿಗೆ ಬಂದದ್ದೆಲ್ಲ ಬೈದೆ. ಹಿತ್ತಲ ಬಾಗಿಲಂತೆ! ಬಾಯಾರು ನನ್ನನ್ನು ಕೂರಿಸಿದರು. ಮೊಟ್ಟಮೊದಲ ಬಾರಿಗೆ ಅವರು ಮೆಲ್ಲಗೆ ಮಾತಾಡಿದ್ದನ್ನು ಕೇಳಿದೆ.

"ನೀರ ಕುಡೀತಾಳೇನ್ರೀ?"

"ಕೇಳಿದಷ್ಟ ಕೊಡತೇನ್ರಿ. ಕೇಳದಿದ್ರೂ ಕೊಡತೇನಿ."

"ಅಡ್ಡಾಡತಾಳೇನು?"

"ಮುಂಜಾನಿ, ಸಂಜಿ, ಅಂಗಳದಾಗ ಅಡ್ಡಾಡಸ್ತೇನಿ. ದಿನಾ ಎರಡೂ ಕಾಲ ದಾರ ಹಾಕಿ ಅಳೀತೇನಿ. ತಿಕ್ಕಾಕ ಯಾರನ್ನೂ ಬಿಟ್ಟಿಲ್ಲ."

"ಹಿಂಗ ಮಾಡಂತ ಯಾರ ಹೇಳ್ಯಾರ್ರೀ?"

ಆಕೆ ತಲೆ ಎತ್ತಲಿಲ್ಲ. "ನೀವ ಹೇಳಿದ್ರೆಲ್ಲ, ಅವತ್ತ" ಎಂದರು.

ಒಂದು ಶಬ್ದವನ್ನೂ ಮರೆತಿರಲಿಲ್ಲ ಆ ತಾಯಿ. ಎಲ್ಲ ತಿಳಿದುಕೊಂಡೇ, ಇಷ್ಟು ವರ್ಷ ಊರಿಗೆಲ್ಲ ಕಣ್ಣು ಹತ್ತಿದ ಮಾತನ್ನು ಹಂಚಿಕೊಂಡು ಬಂದಿದ್ದರು. ಮಗಳನ್ನು ಕಳೆದುಕೊಂಡ ಸಂಕಟಕ್ಕೆ ಒಂದು ದಿನ ಏನೋ ಅಂದರು ಎಂದು ನಾನೂ ಎಲ್ಲೋ ಒಂದು ಮೂಲೆಯಲ್ಲಿ ಕ್ಷಮಿಸಿದ್ದೆ. ಆ ಕ್ಷಮೆಯನ್ನು ಅಲ್ಲೇ ವಾಪಸು ತೆಗೆದುಕೊಂಡೆ.

"ಮತ್ತ ನಾ ಯಾಕ ಬರಬೇಕ್ರೀ? ಎಲ್ಲಾ ನೀವ ಮಾಡಾಕತ್ತೀರೆಲ್ಲ" ಎಂದರು ಬಾಯಾರು.

"ನೀವು ನೋಡಿದ್ರ ನನಗ ನಿದ್ದಿ ಬರತೈತ್ರಿ."

ಬಾಯಾರು ಎದ್ದು ಸೀರೆ ಸರಿ ಮಾಡಿಕೊಂಡರು. ಪೆಟ್ಟಿಗೆಯಿಂದ ಒಂದು ಹೊಸ ಝಬಲಾ ತೆಗೆದು ಚೀಲದಲ್ಲಿ ಹಾಕಿಕೊಂಡರು. "ಬರತೇನಿ. ಮುಂದಿನ ಬಾಗಲದಿಂದ ಬರತೇನಿ" ಎಂದರು.

ಹಾಗೆಯೇ ಹೋದರು, ಜೊತೆಗೆ ನಾನೂ ಹೋದೆ. ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಆ ತಾಯಿ ಒಂದು ಮಾತು ಹೇಳಲಿಕ್ಕೆ ಅದಕ್ಕಿಂತ ಒಳ್ಳೆಯ ಸಮಯವಿರಲಿಲ್ಲ. ಹೇಳಲಿಲ್ಲ. ಸರಸರ ಒಳಗೆ ನಡೆದರು.

ಕೋಣೆಯ ಕಿಟಕಿ ತೆರೆದಿತ್ತು. ಹೊರಸಿನ ಹತ್ತಿರ ನೀರಿನ ತಂಬಿಗೆ. ಕೆಂಡವಿಲ್ಲ, ಹೊಗೆಯಿಲ್ಲ. ಸಣ್ಣ ಮಗಳು ತಲೆ ಎತ್ತಿ ಬಾಗಿಲ ಕಡೆ ನೋಡಿದಳು. ಅಕ್ಕ ಸತ್ತಾಗ ಶಾಲೆಗೆ ಹೋಗುತ್ತಿದ್ದ ಹುಡುಗಿ, ಮನೆಯಲ್ಲಿ ಹೇಳಿದ ಮಾತು ಕೇಳಿಕೊಂಡೇ ಬೆಳೆದವಳು. ಬಾಯಾರ ಮುಖ ಕಂಡದ್ದೇ ತಡ, ಕೂಸಿನ ತಲೆಯ ಕುಂಚಿಗೆಯನ್ನು ಅದರ ಮುಖದ ಮೇಲೆ ಎಳೆದು, ಕೂಸನ್ನು ಗೋಡೆಯ ಕಡೆ ಹೊರಳಿಸಿ, ಮೇಲೆ ಕೈ ಇಟ್ಟುಕೊಂಡಳು.

ತಾಯಿ ನೋಡಿದರು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ನಿಂತರು.

ಬಾಯಾರು ಹೊರಸಿನ ಕಾಲ ಕಡೆ ಕೂತರು. ಹುಡುಗಿಯ ಮೀನಖಂಡಗಳನ್ನು ಒಂದೊಂದಾಗಿ ಒತ್ತಿ ನೋಡಿದರು, ದಾರ ಹಾಕಿ ಅಳೆದರು. ಒಮ್ಮೆಯೂ ಕಣ್ಣು ಮೇಲೆತ್ತಲಿಲ್ಲ. "ಎರಡೂ ಸಮ ಅದಾವ. ನೀರ ಕುಡಿ ತಂಗಿ" ಎಂದರು. ಅವಳು ಒಂದು ಕೈಯಲ್ಲಿ ತಂಬಿಗೆ ಎತ್ತಿ ಕುಡಿದಳು, ಇನ್ನೊಂದು ಕೈ ಕೂಸಿನ ಮೇಲೇ ಇತ್ತು. ಬಾಯಾರು ಎದ್ದು ಹೊರಗೆ ಬಂದರು. ಚೀಲದಲ್ಲಿದ್ದ ಝಬಲಾ ತೆಗೆಯಲೇ ಇಲ್ಲ.

ಓಣಿ ದಾಟುವ ತನಕ ನಾನು ಹಲ್ಲು ಕಚ್ಚಿಕೊಂಡಿದ್ದೆ. ಆಮೇಲೆ ಆಗಲಿಲ್ಲ. ತಿರುಗಿ ಹೋಗಿ ಆ ತಾಯಿಯ ಕಪಾಳಕ್ಕೆ ಹೊಡೆದು ಬರುತ್ತೇನೆ ಎಂದು ಬೀದಿಯಲ್ಲೇ ನಿಂತು ಕೂಗಾಡಿದೆ. ಬಾಯಾರು ನನ್ನ ತೋಳು ಹಿಡಿದುಕೊಂಡು ಸ್ವಲ್ಪ ದೂರ ನಡೆಸಿಕೊಂಡು ಹೋದರು. ಆಮೇಲೆ ಕೇಳಿದರು:

"ಕೂಸು ಯಾರಂಗ ಐತ್ರೀ? ನೀವರೆ ನೋಡಿದ್ರೇನು?"